ಅಕ್ಕನ ಅಂಗಡಿಯ ಫೋಟೋ

ಸಾಹೇಬರ ಮುಂದೆ ಬಾಯಿಗೆ ಬೀಗ ಹಾಕಿಕೊಳ್ಳುವ ನಾನು ಫೇಸ್‌ಬುಕ್ಕಿನಲ್ಲಿ ಹುಲಿ. ನೀರಿನ ಬಿಲ್ಲಿನ ಕಚೇರಿಯಲ್ಲಿ ಗುಮಾಸ್ತನಾಗಿ ಕೂತು ದೇಶ, ಧರ್ಮ, ವಾಕ್ ಸ್ವಾತಂತ್ರ್ಯ ಎಲ್ಲದರ ಉಸಾಬರಿ ಹೊತ್ತುಕೊಂಡಿದ್ದೇನೆ. ಬಿಲ್ಲು ತಪ್ಪಾಗಿದೆ ಎಂದು ಬಂದವರು ಕಿಟಕಿಯಾಚೆ ಕಾಯುತ್ತಿರುತ್ತಾರೆ.

ನನ್ನ ಅಕ್ಕನಿಗೆ ಈ ರೋಗವಿಲ್ಲ. ಅವಳದು ಬಟ್ಟೆ ರಿಪೇರಿ ಅಂಗಡಿ. ಕೆಟ್ಟ ಜಿಪ್ಪು, ಉದ್ದವಾದ ಪ್ಯಾಂಟು, ಮೈಗೆ ಬಿಗಿಯಾದ ಕೋಟು. ಸೊಂಟದ ಅಳತೆಯನ್ನು ಎಂದೂ ಬಾಯಿಬಿಟ್ಟು ಹೇಳುವವಳಲ್ಲ. ಟೇಪು ನೋಡಿ ಸುಮ್ಮನೆ ಬರೆದುಕೊಳ್ಳುತ್ತಾಳೆ. ಭಾವ ತೀರಿಕೊಂಡ ಮೇಲೆ ಆ ಒಂದು ಕೋಣೆಯಿಂದಲೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದಳು. ಆಗ ನಾನೂ ಧಾರಾಳವಾಗಿ ಸಲಹೆ ಕೊಟ್ಟಿದ್ದೆ.

ಹೋದ ವರ್ಷ ಗುಂಡಿಗಳಿಗೆ ಕಾಜ ಹಾಕಲು ಒಬ್ಬಳನ್ನು ಇಟ್ಟುಕೊಂಡಳು. ಬೇರೆ ದೇಶದಿಂದ ಬಂದವಳು, ಬೇರೆ ದೇವರನ್ನು ನಂಬುವವಳು, ತಲೆಗೆ ಬಟ್ಟೆ ಕಟ್ಟುವವಳು. ಹಿಂದಿನ ಬೀದಿಯಲ್ಲಿ ಬಾಡಿಗೆ ಕೋಣೆ. ಕನ್ನಡವನ್ನು ಅಕ್ಕನಿಂದಲೇ ಕಲಿತಳು. ಅವಳು ಮೂಲೆಯಲ್ಲಿ ಪ್ರಾರ್ಥನೆಗೆ ಕೂತರೆ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಇಸ್ತ್ರಿ ಹಿಡಿಯುತ್ತಿದ್ದಳು. ಇಸ್ತ್ರಿಗೆ ಸದ್ದಿಲ್ಲವಲ್ಲ. ಇಬ್ಬರೂ ಇದನ್ನು ಮಾತಾಡಿಕೊಂಡು ಗೊತ್ತುಮಾಡಿದ್ದಲ್ಲ.

ಅದನ್ನು ಕಂಡದ್ದೇ ತಡ, ನನ್ನೊಳಗಿನ ಹುಲಿ ಎದ್ದಿತು. ಇಬ್ಬರೂ ತಲೆ ತಗ್ಗಿಸಿ ಹೊಲಿಯುತ್ತಿದ್ದಾಗ ಬೀದಿಯಿಂದಲೇ ಫೋಟೋ ತೆಗೆದು, ‘ಮಾನವೀಯತೆಗೆ ಗಡಿಯಿಲ್ಲ’ ಎಂದು ಬರೆದು ಹಾಕಿಬಿಟ್ಟೆ. ಕೆಳಗೆ ನನ್ನ ವಿಶಾಲ ಹೃದಯದ ಬಗ್ಗೆಯೂ ನಾಲ್ಕು ಸಾಲು ಇದ್ದವೆನ್ನಿ.

ಮೊದಲು ಹೊಗಳಿಕೆ ಬಂತು, ಉಬ್ಬಿಹೋದೆ. ಆಮೇಲೆ ಬೈಗುಳ. ‘ನಮ್ಮವರ ಹೊಟ್ಟೆಗೆ ಹೊಡೆದು ಹೊರಗಿನವರಿಗೆ ಮಣೆ ಹಾಕ್ತೀರಾ?’ ‘ಇವತ್ತು ಒಂದು ಕುರ್ಚಿ, ನಾಳೆ ಇಡೀ ಬೀದಿ.’ ಆಗಲಾದರೂ ತೆಪ್ಪಗಿರಬಹುದಿತ್ತು. ಮಾತಾಡುವ ಹಕ್ಕು ಯಾರಪ್ಪನ ಸ್ವತ್ತೂ ಅಲ್ಲ ಎಂದು ಒಬ್ಬೊಬ್ಬರಿಗೂ ಉತ್ತರ ಕೊಟ್ಟು ಉರಿಯುವ ಬೆಂಕಿಗೆ ತುಪ್ಪ ಸುರಿದೆ. ಅಂಗಡಿಯ ಬೋರ್ಡು ಫೋಟೋದಲ್ಲಿ ಚೆನ್ನಾಗಿಯೇ ಬಿದ್ದಿತ್ತು.

ಮರುದಿನ ಬಯ್ಯುವವರು ಬಂದು ಬಾಗಿಲಲ್ಲಿ ನಿಂತರು. ಹೊಗಳುವವರು ಒಳಗೇ ನುಗ್ಗಿ ಕಾಜ ಹಾಕುವವಳೊಂದಿಗೆ ಸೆಲ್ಫಿ ಕೇಳಿದರು. ಅರ್ಧ ಹಾಕಿದ ಕಾಜವನ್ನು ಹಾಗೇ ಬಿಟ್ಟು ಅವಳು ಹಿಂಬಾಗಿಲಿನಿಂದ ಹೊರಟುಹೋದಳು. ಸಂಜೆಗೆ ಅವಳ ಮನೆ ಮಾಲೀಕ, ‘ನನಗ್ಯಾಕೆ ಈ ಗಲಾಟೆ, ಕೋಣೆ ಖಾಲಿ ಮಾಡಿ’ ಎಂದನಂತೆ.

ಪೋಸ್ಟನ್ನು ಅಳಿಸಿದೆ. ಅಷ್ಟರಲ್ಲಿ ಅದು ಕಂಡಕಂಡವರ ಫೋನಿಗೆ ಹರಡಿತ್ತು. ಅಂಗಡಿಗೆ ಓಡಿದೆ.

“ಕ್ಷಮೆ ಕೇಳಿ ಒಂದು ಪೋಸ್ಟ್ ಹಾಕ್ತೀನಿ ಅಕ್ಕ,” ಎಂದೆ.

“ಯಾರನ್ನ ಕೇಳ್ತೀಯೋ ಕ್ಷಮೆ? ಅವಳೇನು ಫೇಸ್‌ಬುಕ್ಕಲ್ಲಿದಾಳಾ?” ಅಕ್ಕ ಶಟರ್ ಎಳೆಯುತ್ತಿದ್ದಳು. “ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಅಮ್ಮ ನಿನ್ನ ನೋಡೇ ಹೇಳ್ತಿದ್ಲು. ನನ್ನ ದೊಡ್ಡ ಮಗಳ ಕೋಣೆ ಖಾಲಿ ಇದೆ, ಅವಳನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀನಿ. ಫೋನ್ ಇಲ್ಲೇ ಇಟ್ಟು ಬಾ, ಮೂಟೆ ಹೊರೋಕೆ ಒಂದಾಳು ಬೇಕು.”

ಅವಳ ಕೋಣೆಯಲ್ಲಿ ಗಂಟುಮೂಟೆ ಆಗಲೇ ಕಟ್ಟಿಟ್ಟಾಗಿತ್ತು. ಅಕ್ಕನ ಮನೆ ಎಂದಾಗ ಅವಳು ಬಹಳ ಹೊತ್ತು ಯೋಚಿಸಿ ಒಪ್ಪಿದಳು. ನಾನು, “ತಪ್ಪಾಯ್ತಮ್ಮ,” ಎಂದೆ. ಇಷ್ಟು ಗಿಡ್ಡ ವಾಕ್ಯವನ್ನು ನಾನು ಬರೆದೇ ಗೊತ್ತಿಲ್ಲ.

“ಯಾರ ಕಣ್ಣಿಗೂ ಬೀಳದ ಹಾಗೆ ಬದುಕೋಣ ಅಂತ ಇಷ್ಟು ದೂರ ಬಂದೆ ಅಣ್ಣ,” ಎಂದಳು. ನಾನು ದೊಡ್ಡ ಮೂಟೆಯನ್ನೇ ಎತ್ತಿ ಹೆಗಲಿಗೆ ಹಾಕಿಕೊಂಡೆ.

ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೇಳಿದಳು: “ನೀವು ಮೂಟೆ ಹೊತ್ತಿದ್ದನ್ನೂ ಬರೀತೀರಾ ಅಣ್ಣ?”

“ಛೆ ಛೆ, ಖಂಡಿತ ಇಲ್ಲಮ್ಮ,” ಎಂದೆ. ಹೇಳುವಾಗ ಅದು ನಿಜವೇ ಆಗಿತ್ತು. ಅಕ್ಕನ ಮನೆಯಲ್ಲಿ ಮೂಟೆ ಇಳಿಸುವಷ್ಟರಲ್ಲಿ ಮೊದಲ ಸಾಲು ಹೊಳೆದುಬಿಟ್ಟಿತ್ತು.