ಗೇರು ಸಸಿಯ ಕರಗುವ ಚೀಲ

2013ರ ಜುಲೈ 11, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಬೈಂದೂರಿನ ಹೊರಗೆ ನರ್ಸರಿ ಚೀಲ ತಯಾರಿಸುವ ಶೆಡ್ಡಿನಲ್ಲಿ ಲೀಲಾಧರ ಒಣಗಿಸುವ ಡಬ್ಬದಿಂದ ಪ್ಲಾಸ್ಟಿಕ್ ಕಾಳನ್ನು ಅಂಗೈಗೆ ಸುರಿದುಕೊಂಡು ನೋಡುತ್ತಿದ್ದ. ಮುಟ್ಟಿದರೆ ಒಣಗಿದಂತೆಯೇ ಇತ್ತು. ಬಿಸಿಗಾಳಿಯಲ್ಲಿ ನಾಲ್ಕು ಗಂಟೆ ಇರಬೇಕಾದದ್ದು. ಕರೆಂಟು ಕೈಕೊಟ್ಟಿದ್ದರಿಂದ ಅದರ ಅರ್ಧ ಹೊತ್ತೂ ಒಣಗಿರಲಿಲ್ಲ.

"ಹ್ವಾಯ್ ಲೀಲಾಧರಣ್ಣ, ಎಂತ, ಭತ್ತ ಒಣಗ್ಸ್‌ತಾ ಇದ್ರ್ಯಾ? ಲಾರಿ ಒಂದ್ ಗಂಟಿಗ್ ಬತ್ತ್. ಬಿಡಿ ಮೆಷಿನ್ನಿಗೆ" ಎಂದ ಮಾಲೀಕ ಪ್ರವೀಣ.

ಲೀಲಾಧರ ಬಿಟ್ಟ. ಒಣಗಿಸಿದ ಲೆಕ್ಕದ ಪುಸ್ತಕದಲ್ಲಿ 'ನಾಲ್ಕು ಗಂಟೆ' ಎಂದು ಬರೆದ. ಮುಂಬೈಯಲ್ಲಿ ಹದಿನೆಂಟು ವರ್ಷ ಚೀಲದ ಮೆಷಿನ್ ನಡೆಸಿದವನು ಅವನು. ಅಲ್ಲಿನ ಪ್ಲಾಸ್ಟಿಕ್ಕಿಗೆ ಮಳೆಯೂ ಒಂದೇ, ಬಿಸಿಲೂ ಒಂದೇ. ಮಣ್ಣಲ್ಲಿ ಕರಗುವ ಈ ಹೊಸ ಜಾತಿ ಹಾಗಲ್ಲ. ಕಾಳಿನೊಳಗೆ ತೇವ ಉಳಿದರೆ ಕಾದ ಮೆಷಿನ್ನಿನಲ್ಲೇ ಅದರ ಅಣುಗಳ ಉದ್ದನೆಯ ಸರಪಳಿಗಳು ತುಂಡಾಗುತ್ತವೆ. ತುಂಡಾದ ತುದಿಯಲ್ಲಿ ಆಮ್ಲ ಹುಟ್ಟಿ, ಅದು ಉಳಿದ ಸರಪಳಿಯನ್ನೂ ಬೇಗ ಕಡಿಯುತ್ತದೆ. ಇದನ್ನು ತಡೆಯಲು ಬೆರೆಸುವ ಎಣ್ಣೆಯಂಥ ಔಷಧಿ ಆ ತುದಿಗಳನ್ನು ಹಿಡಿದಿಟ್ಟು, ಚೀಲಕ್ಕೆ ಹತ್ತು ತಿಂಗಳ ಆಯುಸ್ಸು ಕೊಡುತ್ತದೆ. ಕಾಳೇ ಒದ್ದೆಯಾಗಿದ್ದರೆ ಔಷಧಿ ಮೆಷಿನ್ನಿನೊಳಗೇ ಮುಗಿದುಹೋಗುತ್ತದೆ. ಚೀಲ ಮಾತ್ರ ಹೊಳೆಯುತ್ತ ಹೊರಗೆ ಬರುತ್ತದೆ.

ಪ್ರತಿ ಲೋಡಿನಿಂದ ಒಂದು ಚೀಲ ತೆಗೆದಿಡುವುದು ಅವನ ರೂಢಿ. ಅಕ್ಟೋಬರಿನಲ್ಲಿ ಜುಲೈಯ ಚೀಲವನ್ನು ಮಡಚಿದ. ಮಡಿಕೆಯಲ್ಲೇ ಹಪ್ಪಳದಂತೆ ಮುರಿಯಿತು. ಪ್ರವೀಣನಿಗೆ ತೋರಿಸಿದ.

"ಅದ್ ಕರಗುಕೇ ಮಾಡದ್ದ್ ಅಲ್ದಾ ಮಾರಾಯ್ರೆ!" ಎಂದು ಪ್ರವೀಣ ನಕ್ಕ. ಲೀಲಾಧರ ನಗಲಿಲ್ಲ, ಆದರೆ ಮತ್ತೆ ಮಾತೆತ್ತಲೂ ಇಲ್ಲ. ಆ ಲೋಡು ಕೊಕ್ಕರ್ಣೆಯ ಕುಸುಮಾವತಿಯ ನರ್ಸರಿಗೆ ಹೋಗಿದೆ, ಅದರಲ್ಲಿ ಗೇರು ಬೀಜ ಮೊಳೆತು ಕಸಿಯೂ ಆಗುತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ನಲವತ್ತೊಂಬತ್ತರ ವಯಸ್ಸಿನಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಾರೆ ಎಂಬುದೂ ಗೊತ್ತಿತ್ತು.

ಫೆಬ್ರವರಿಯಲ್ಲಿ ಕುಸುಮಾವತಿಯ ನರ್ಸರಿಯಲ್ಲಿ ಸಾಲು ಬದಲಿಸಲೆಂದು ಗಿಡ ಎತ್ತಿದಾಗ ಚೀಲದ ತಳ ನೆಲದಲ್ಲೇ ಉಳಿಯಿತು. ಮಣ್ಣಿನ ಮುದ್ದೆ ಕಳಚಿ ತಾಯಿಬೇರು ತುಂಡಾಯಿತು. ತಾಯಿಬೇರು ಹೋದ ಗೇರು ಬದುಕುವುದು ಅಪರೂಪ. ಮೂರು ಸಾವಿರ ಗಿಡಗಳನ್ನೂ ಮುಂಗಡವಾಗಿ ಒಪ್ಪಿಕೊಂಡಿದ್ದ ಬೆಳೆಗಾರ ಚೆನ್ನಯ್ಯ ಬಂದು ನೋಡಿದ. ಪ್ರವೀಣ ಪುಸ್ತಕ ಹಿಡಿದು ಲೀಲಾಧರನನ್ನೂ ಕರೆತಂದ.

"ಚೀಲದ್ದ್ ಎಂತ ತಪ್ಪಿಲ್ಲೆ. ಇವ್ರ್ ನೀರ್ ಜಾಸ್ತಿ ಹೊಯ್ದ್ ಕೊಳ್ಸಿದ್ದ್" ಎಂದ ಪ್ರವೀಣ.

"ಇಪ್ಪತ್ ವರ್ಷ ಆಯ್ತ್ ಗಿಡಕ್ ನೀರ್ ಹಾಕುಕ್ ಸುರು ಮಾಡಿ," ಎಂದಳು ಕುಸುಮಾವತಿ. "ಎಷ್ಟ್ ಹಾಕ್ಕ್ ಅಂತ ನಿಮ್ಮ್ ಹತ್ರ ಕಲೀಕಾ?"

ಚೆನ್ನಯ್ಯ ಪುಸ್ತಕ ತಿರುವಿದ. ಪ್ರತಿ ಪುಟದಲ್ಲೂ ನಾಲ್ಕು ಗಂಟೆ, ಒಂದೇ ಕೈಬರಹ. "ಕುಸುಮಕ್ಕ, ಬರ್ದದ್ದ್ ಸಮಾ ಇತ್ತಲೆ. ನೀರ್ ಹಾಕುಕ್ ಬಾರದ್ದವ್ರ್ ಹತ್ರ ಇನ್ ನಮ್ಮ ಬದಿಯವ್ರ್ ಯಾರೂ ಗಿಡ ತಕಣ್ತಿಲ್ಲೆ."

ಕುಸುಮಾವತಿ ಮುರಿದ ಬೇರೊಂದನ್ನು ಮಣ್ಣಿನೊಳಗೆ ಒತ್ತುತ್ತ ಕೂತಳು, ಅದು ಹಿಡಿಯುವುದಿಲ್ಲವೆಂದು ತಿಳಿದಿದ್ದರೂ.

"ಅವ್ರ್ ನೀರ್ ಸಮಾ ಹಾಕಿರ್," ಎಂದ ಲೀಲಾಧರ. "ಕಾಳ್ ಒಣಗಿರ್ಲಿಲ್ಲೆ. ಪುಸ್ತಕದಗ್ ನಾನ್ ಬರ್ದದ್ದ್ ಸುಳ್ಳ್. ಅಕ್ಟೋಬರಗೇ ಚೀಲ ಮುರ್ದದ್ದ್ ಕಂಡಿದ್ದೆ."

"ಲೀಲಾಧರಣ್ಣ, ನಾಳಿಂದ ಬಪ್ಪುದ್ ಬ್ಯಾಡ" ಎಂದ ಪ್ರವೀಣ ತಣ್ಣಗೆ.

"ನಾಕ್ ತಿಂಗ್ಳಿಂದ ಗೊತ್ತಿದ್ದೂ ಬಾಯ್ ಮುಚ್ಕಂಡ್ ಇದ್ರ್ಯಾ?" ಎಂದಳು ಕುಸುಮಾವತಿ. ಆ ಮಳೆಗಾಲದ ಚೀಲಗಳು ಬಿಜೂರಿಗೆ, ಕುಂದಾಪುರಕ್ಕೆ, ಇನ್ನೂ ಎಲ್ಲೆಲ್ಲಿಗೋ ಹೋಗಿದ್ದವು. ಅಲ್ಲಿಯ ಗಿಡಗಳನ್ನು ಇನ್ನೂ ಯಾರೂ ಎತ್ತಿರಲಿಲ್ಲ.

ಚೆನ್ನಯ್ಯ ಪುಸ್ತಕ ಮುಚ್ಚಿ ಕೇಳಿದ: "ಸುಳ್ಳ್ ಬರ್ದದ್ದ್ ಅದೊಂದೇ ದಿನವಾ?"

"ಇಪ್ಪತ್ತಾರ್ ದಿನ."