ನನ್ನ ಗ್ರಂಥಿಗಳೂ ಗಿರಾಕಿಗಳ ಸಾಂಬಾರೂ

ನಿನ್ನೆ ನಮ್ಮ ಹೋಟೆಲಿಗೆ ಸ್ಪೇನಿನಲ್ಲಿ ಎರಡು ವಾರ ಬಿಸಿಲು ಕಾಯಿಸಿಕೊಂಡು ಬಂದ ಗಿರಾಕಿಯೊಬ್ಬರು ಬಂದಿದ್ದರು. ಸುಟ್ಟ ಬದನೆಕಾಯಿಯಂಥ ಮೂಗು. ಎಲ್ಲರೂ "ಒಳ್ಳೇ ಬಣ್ಣ ಬಂದಿದೆ" ಎಂದು ಹೊಗಳುತ್ತಿದ್ದರೆ ಒಲೆ ಮುಂದೆ ನಿಂತ ನನಗೆ ನಗು. ಕೆಲವು ವರ್ಷಗಳ ಹಿಂದೆ ಈ ಹೊಗಳಿಕೆ ನನಗೂ ಸಿಕ್ಕಿತ್ತು. ಮೋಡ ಬಿಟ್ಟರೆ ಮಳೆ ಅನ್ನುವ ಐರ್ಲೆಂಡಿನ ಈ ಸ್ವೋರ್ಡ್ಸ್ ಊರಿನಲ್ಲಿ, ಅಡುಗೆಮನೆ ಬಿಟ್ಟು ಕದಲದ ನಾನು ದಿನದಿನಕ್ಕೂ ಕಪ್ಪಗಾಗುತ್ತಿದ್ದೆ. ಬಡಿಸುವ ಕೆಲಸದ ಮೇರಿಯಮ್ಮ, ಇದೇ ಊರಿನ ಹಿರಿಯ ಹೆಂಗಸು, "ರಜೆಗೆ ಎಲ್ಲಿಗೆ ಹೋಗಿದ್ದೆ?" ಎಂದರು. ಹೆಂಡತಿ ಸವಿತಾ ಕಡಲೆಹಿಟ್ಟಿಗೆ ಮೊಸರು ಕಲಸಿ ಮುಖಕ್ಕೆ ಮೆತ್ತಿದಳು. ಬಣ್ಣ ತಿಳಿಯಾಗಲಿಲ್ಲ, ಹಿಟ್ಟು ಮುಗಿದು ಮನೆಯಲ್ಲಿ ಬಜ್ಜಿ ನಿಂತಿತು.

ನಾನು ಓದಿದ್ದು ಏಳನೇ ಕ್ಲಾಸು. ಆದರೆ ಮದುವೆಮನೆಗಳಲ್ಲಿ ಕಲಿತ ಕೈ ಇದು, ಎಂಥ ಹಂಡೆಗಾದರೂ ಚಮಚ ಮುಟ್ಟದೆ ಉಪ್ಪು ಹಾಕುತ್ತೇನೆ. ಅಂಥವನ ಮುಂದೆ ಮಾಲೀಕರಾದ ಮೂರ್ತಿ ಸರ್ ಬಂದು ನಿಂತರು.

"ಏನ್ರೀ ಸಾಂಬಾರಿಗೆ ಇಷ್ಟು ಉಪ್ಪು? ಗಿರಾಕಿಗಳು ಬರೀ ನೀರು ಕುಡ್ಕೊಂಡು ಎದ್ದು ಹೋಗ್ತಾವ್ರೆ!"

"ಬೇಯಿಸಿದ ಆಲೂಗಡ್ಡೆ ತಿನ್ನೋ ನಾಲಿಗೆ ಸಾರ್, ಅವರಿಗೇನು ಗೊತ್ತು?"

"ಇನ್ನೊಂದ್ ಕಂಪ್ಲೇಂಟ್ ಬಂದ್ರೆ ನಾನು ಬೇರೆಯವ್ರನ್ನ ನೋಡ್ಕೋತೀನಿ."

ಕೆಲಸ ಹೋದರೆ ವರ್ಕ್ ಪರ್ಮಿಟ್ಟೂ ಹೋಗುತ್ತದೆ. ಭಯದಲ್ಲಿ ಇನ್ನಷ್ಟು ದುಡಿದೆ. ಒಂದು ಮಧ್ಯಾಹ್ನ ಅನ್ನದ ಪಾತ್ರೆ ಎತ್ತಲು ಹೋಗಿ ಪಾತ್ರೆಯ ಪಕ್ಕದಲ್ಲೇ ಮಲಗಿಬಿಟ್ಟೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಅಂಗೈ ಹಿಡಿದು ಕಪ್ಪಾದ ಗೆರೆಗಳನ್ನೇ ನೋಡುತ್ತಿದ್ದರು. ಮದುವೆ ಆಗಿದೆ, ವಿದೇಶಕ್ಕೂ ಬಂದಾಯಿತು, ಇನ್ನೇನು ಭವಿಷ್ಯ ಹೇಳುತ್ತಾರೆ ಎಂದುಕೊಂಡೆ. ಆಮೇಲೆ ಅವರು ಕೇಳಿದ್ದನ್ನು ಸವಿತಾ ಕನ್ನಡದಲ್ಲಿ ಹೇಳಿದಳು: "ಉಪ್ಪು ಜಾಸ್ತಿ ಬೇಕು ಅನ್ಸುತ್ತಾ ಅಂತ."

ನಾನು ಎದ್ದು ಕೂತೆ. "ಮೂರ್ತಿ ಸರ್ ಇಲ್ಲಿಗೂ ಫೋನ್ ಮಾಡಿದ್ರಾ?"

"ಅಯ್ಯೋ, ಸುಮ್ನಿರಿ! ಉಪ್ಪಿನಕಾಯಿ ಜಾಡಿ ಎತ್ತಿ ರಸ ಕುಡೀತೀರಲ್ಲ, ಅದನ್ನ ಹೇಳ್ತೀನಿ ನಾನು."

ರಕ್ತಪರೀಕ್ಷೆಯಾಯಿತು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಎರಡು ಅಡ್ರಿನಲ್ ಗ್ರಂಥಿಗಳು ಕೆಲಸ ನಿಲ್ಲಿಸಿದ್ದವಂತೆ. ಅದಕ್ಕೇ ಮೈಯಲ್ಲಿ ಉಪ್ಪು ನಿಲ್ಲುತ್ತಿಲ್ಲ, ನಾಲಿಗೆಗೆ ಎಷ್ಟು ಉಪ್ಪಾದರೂ ಸಾಲುತ್ತಿಲ್ಲ, ಅದಕ್ಕೇ ಈ ಸುಸ್ತು, ಈ ಬಣ್ಣ. ಬದುಕಿರುವತನಕ ಮಾತ್ರೆ, ಒಂದು ದಿನವೂ ತಪ್ಪಿಸುವಂತಿಲ್ಲ. ನನಗೆ ಕಾಯಿಲೆಗಿಂತ ಅವಮಾನ ಹೆಚ್ಚಾಯಿತು. ಒಂದು ದಿನವೂ ರಜೆ ಹಾಕದ ನನ್ನ ಮೈಯೊಳಗೇ ಇಬ್ಬರು ಸೋಮಾರಿಗಳು! ನೀವೇ ಹೇಳಿ, ಯಾರ ಹತ್ತಿರ ದೂರುವುದು?

"ತಪ್ಪು ನಂದಲ್ಲ ಸಾರ್, ಗ್ರಂಥಿಗಳದ್ದು," ಎಂದು ಮೂರ್ತಿ ಸರ್‌ಗೆ ಹೇಳಿದೆ.

"ಗಿರಾಕಿಗಳಿಗೂ ಹಂಗೇ ಹೇಳ್ಲೇನ್ರೀ?" ಎಂದವರು ಒಂದು ಷರತ್ತು ಹಾಕಿದರು: ಮೇರಿಯಮ್ಮ ರುಚಿ ನೋಡಿ ಒಪ್ಪಿದರಷ್ಟೇ ಸಾಂಬಾರು ಹೊರಗೆ ಹೋಗಬೇಕು. ಮೆಣಸಿನ ಪುಡಿಗೇ ಕಣ್ಣೀರಿಡುವ ಹೆಂಗಸು ನನಗೆ ಪರೀಕ್ಷಕಿ! ಒಂದು ವಾರ ಅವರ ಮುಖ ನೋಡದೆ ಸೌಟು ಚಾಚಿದೆ. ಅವರು ಮಾತ್ರ ಪ್ರತಿದಿನ ಕಣ್ಣು ಮುಚ್ಚಿ, ದೇವರ ತೀರ್ಥದಂತೆ ಕುಡಿದು, ಯೋಚಿಸಿ ತೀರ್ಪು ಕೊಡುತ್ತಿದ್ದರು.

ಮಾತ್ರೆಯಿಂದ ನಾಲಿಗೆ ನೆಟ್ಟಗಾಯಿತು, ಕೆಲಸ ಉಳಿಯಿತು. ಷರತ್ತನ್ನು ಮೂರ್ತಿ ಸರ್ ಯಾವತ್ತೋ ಮರೆತಿದ್ದಾರೆ. ನಾನೇ ಬಿಟ್ಟಿಲ್ಲ. ಇವತ್ತು ಮೇರಿಯಮ್ಮ ನೆಗಡಿಯಾಗಿ ಬರಲಿಲ್ಲ. ಹೋಟೆಲು ತೆರೆಯುವ ಮೊದಲೇ ಡಬ್ಬಿಯಲ್ಲಿ ಸಾಂಬಾರು ಹಿಡಿದು ಅವರ ಮನೆಗೆ ಹೋದೆ. ಕಂಬಳಿ ಹೊದ್ದು ಬಾಗಿಲಿಗೆ ಬಂದವರು ಒಂದು ಚಮಚ ಕುಡಿದು, ಮೂಗು ಒರೆಸಿಕೊಂಡು, "ನೆಗಡಿ ಮಾರಾಯ, ರುಚಿಯೇ ಗೊತ್ತಾಗ್ತಿಲ್ಲ," ಎಂದರು.

"ಗೊತ್ತಾಗದಿದ್ರೂ ಪರವಾಗಿಲ್ಲ," ಎಂದೆ. "ಸರಿಯಾಗಿದೆ ಅಂತ ಒಂದ್ಸಲ ಅನ್ನಿ, ಸಾಕು."