ಒಂದು ಕಾಳು ಕಮ್ಮಿ

ಅವರ ಎಲ್ಲ ಅಂಗಿಗಳ ಎಡ ಜೇಬಿನ ತಳದಲ್ಲೂ ಒಂದು ಸಣ್ಣ ತೂತು ಇರುತ್ತಿತ್ತು. ತೂತಿನ ಸುತ್ತ ತುಕ್ಕಿನ ಕಲೆ. ದಿನಬಳಕೆಯ ಬಿಳಿ ಅಂಗಿ, ಬಾಟಿಕ್ ಅಂಗಿ, ದೀಪಾವಳಿಗೆಂದು ಮಗಳು ತಂದುಕೊಟ್ಟ ರೇಷ್ಮೆ ಅಂಗಿ, ಯಾವುದಕ್ಕೂ ರಿಯಾಯಿತಿ ಇಲ್ಲ. ಮೊದಲ ಸಲ ಬೇಲಿಯಾಚೆ ಕಂಡಾಗ ನಾನು ಅದನ್ನು ರಕ್ತವೆಂದೇ ತಿಳಿದೆ. ವೈದ್ಯೆಯ ಚಟ ಬಿಡಬೇಕಲ್ಲ, ಎದೆಗೆ ಏನಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿಬಿಟ್ಟೆ. ಅವರು ಜೇಬಿಗೆ ಕೈಹಾಕಿ, ಕುದುರೆಯ ಲಾಳಕ್ಕೆ ಹೊಡೆಯುವ ಒಂದು ಹಳೆಯ ಮೊಳೆ ತೆಗೆದು ಅಂಗೈ ಮೇಲಿಟ್ಟು, ಅಚ್ಚ ಕನ್ನಡದಲ್ಲಿ ಹೇಳಿದರು: "ಏನೂ ಆಗಿಲ್ಲ ಡಾಕ್ಟ್ರಮ್ಮ. ಇದು ನಮ್ಮಜ್ಜನ ಕುದುರೇದು."

ನಾನು ಕನ್ನಡದವಳೆಂದು ಅವರಿಗೆ ಹೇಗೆ ಗೊತ್ತಾಯಿತು? ಎರಡು ದಿನದಿಂದ ನಾನು ಫೋನಿನಲ್ಲಿ ಉಡುಪಿಯ ತಮ್ಮನಿಗೆ ಬೈಯುತ್ತಿದ್ದುದನ್ನು ಬೇಲಿಯಾಚೆ ನಿಂತು ಕೇಳಿಸಿಕೊಂಡಿದ್ದರಂತೆ. "ಚೆನ್ನಾಗಿ ಬೈತೀರಿ ಲಾ" ಎಂದು ಇಲ್ಲಿನವರ ರಾಗದಲ್ಲಿ ಮೆಚ್ಚಿದರು. ನಾನು ಮಲೇಶಿಯದ ನಿಲಾಯ್‌ನ ಮೆಡಿಕಲ್ ಕಾಲೇಜಿಗೆ ಪಾಠ ಹೇಳಲು ಬಂದು ಆಗ ವಾರವೂ ಆಗಿರಲಿಲ್ಲ. ಅವರು ಸೆರಂಬಾನ್‌ನ ಶಾಲೆಯೊಂದರಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು, ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ನನಗೆ ಅವರು ಆ ದಿನದಿಂದಲೇ ಮೇಷ್ಟ್ರು. ಮೂರು ತಲೆಮಾರಿನ ಹಿಂದೆ ಬೆಂಗಳೂರು ದಂಡಿನಿಂದ ಬಂದ ಮನೆತನ. ಅಜ್ಜಿ ಕಲಿಸಿದ ಕನ್ನಡದಲ್ಲಿ ತಮಿಳೂ ಮಲಯವೂ ಸೇರಿಕೊಂಡಿದ್ದವು. ಬೆಳಿಗ್ಗೆ ಗೇಟಿನ ಬಳಿ ಕಂಡರೆ "ಮಕಾನ್ ಆಯ್ತಾ?" ಎನ್ನುತ್ತಿದ್ದರು, ತಿಂಡಿ ಆಯಿತೇ ಎಂದು. ಇಲ್ಲವೆಂದರೆ ಹತ್ತು ನಿಮಿಷದಲ್ಲಿ ತಪಾವ್ ಮಾಡಿಸಿದ, ಎಂದರೆ ಹೋಟೆಲಿನಲ್ಲಿ ಕಟ್ಟಿಸಿ ತಂದ, ಪೊಟ್ಟಣವೊಂದು ನಮ್ಮ ಗೇಟಿಗೆ ನೇತಾಡುತ್ತಿತ್ತು. ನನ್ನ ಉಡುಪಿ ಕನ್ನಡವನ್ನು ಅವರು ಪುಸ್ತಕ ಮಾತಾಡಿದ ಹಾಗಿದೆ ಎಂದು ಹಾಸ್ಯ ಮಾಡುತ್ತಿದ್ದರು. ನಿಮ್ಮದು ಮಿಕ್ಸ್ಚರ್ ಪೊಟ್ಟಣ ಎಂದು ನಾನು ತಿರುಗಿಸಿ ಕೊಡುತ್ತಿದ್ದೆ.

ಅವರ ಅಜ್ಜ ರಾವುತ, ಕುದುರೆ ಪಡೆಯ ಸವಾರ. ಇದು ಬರಿಯ ಮನೆಯ ಕಥೆಯಲ್ಲ, ಊರಿಗೇ ಗೊತ್ತಿದ್ದ ಕಥೆ. ಕ್ಲಾಂಗ್‌ನಿಂದ ಸೆರಂಬಾನ್‌ವರೆಗಿನ ಹಳೆಯ ಕನ್ನಡದವರು ಇವರನ್ನು ರಾವುತರ ಮನೆಯವರು ಎನ್ನುತ್ತಿದ್ದರು. ಪೇಶಾವರದಾಚೆ, ವಾಯವ್ಯ ಗಡಿಯ ಕಣಿವೆಯ ಬಾಯಿಯಲ್ಲಿ, ಬ್ರಿಟಿಷರು ನಿಲ್ಲಿಸಿದ್ದ ಕುದುರೆ ಬ್ರಿಗೇಡಿನಲ್ಲಿ ಅಜ್ಜ ಇದ್ದನಂತೆ. ಯುದ್ಧದಲ್ಲಿ ಕುದುರೆಯಿಂದ ಬಿದ್ದು ಬೆನ್ನು ಬಾಗಿತಂತೆ. ಕುದುರೆಗಳ ಜಾಗಕ್ಕೆ ಕಬ್ಬಿಣದ ಗಾಡಿಗಳು ಬಂದಾಗ, ಇಲ್ಲಿನ ರೇಸ್ ಕುದುರೆಗಳನ್ನು ನೋಡಿಕೊಳ್ಳಲು ಮಲಯಕ್ಕೆ ಹಡಗು ಹತ್ತಿದನಂತೆ. ಗೋಡೆಯ ಮೇಲೊಂದು ಮಸುಕು ಫೋಟೋ ಇತ್ತು: ಕುದುರೆಯ ಪಕ್ಕದಲ್ಲಿ ನಿಂತ ಗಿಡ್ಡ ಮನುಷ್ಯ, ತಲೆಗೆ ಮುಂಡಾಸು.

ಮೇಷ್ಟ್ರು ಮೂವತ್ತು ವರ್ಷದಿಂದ ಆ ಬ್ರಿಗೇಡಿನ ಚರಿತ್ರೆ ಬರೆಯುತ್ತಿದ್ದರು. ಮಾಮಕ್ ಅಂಗಡಿಯಲ್ಲಿ, ಎಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಅವರೊಡನೆ ಕೂತರೆ ನಮ್ಮ ರೊಟ್ಟಿ ಆರಿ ತಣ್ಣಗಾಗುತ್ತಿತ್ತು. ಸಕ್ಕರೆ ಪೊಟ್ಟಣಗಳೆಲ್ಲ ರೆಜಿಮೆಂಟುಗಳು, ಟಿಶ್ಯೂ ಡಬ್ಬಿ ಕೋಟೆ, ಚೆಲ್ಲಿದ ಸಾರಿನ ಗೆರೆ ಗಡಿ. ಮುಂಜಾವದ ಗಸ್ತು ಕಣಿವೆಯ ರಸ್ತೆಯಲ್ಲಿ ಹೇಗೆ ಹೊರಡುತ್ತಿತ್ತು, ಬೆಟ್ಟದ ಮೇಲಿಂದ ಗುಂಡು ಬಂದರೆ ಯಾರು ಇಳಿದು ಓಡುತ್ತಿದ್ದರು, ಯಾರು ಕುದುರೆಗಳನ್ನು ಹಿಡಿದು ನಿಲ್ಲುತ್ತಿದ್ದರು, ಎಲ್ಲ ಆ ಮೇಜಿನ ಮೇಲೆ. ಪರರ ನಾಡಿಗೆ ನುಗ್ಗಿ ಅದಕ್ಕೆ ಗಡಿ ಎಂದು ಹೆಸರಿಟ್ಟವರ ಚರಿತ್ರೆ ನಿಮಗೇಕೆ ಎಂದು ನಾನೊಮ್ಮೆ ಕೆಣಕಿದೆ. ಅವರಿಗೆ ಸಿಟ್ಟು ಬರಲಿಲ್ಲ. ಗಡಿ ಬ್ರಿಟಿಷರದು, ಹೌದು, ಆದರೆ ಅಲ್ಲಿ ಚಳಿ ತಿಂದವರು ನಮ್ಮವರು, ಅವರ ಹೆಸರು ಯಾರೂ ಬರೆದಿಲ್ಲ ಎಂದರು.

ಬ್ರಿಗೇಡಿನ ಒಂದು ಕಟ್ಟಳೆಯನ್ನು ಅವರು ನಿಲಾಯ್‌ನಲ್ಲಿ ಪಾಲಿಸುತ್ತಿದ್ದರು. ಮೊದಲು ಕುದುರೆಗೆ ನೀರು, ಆಮೇಲೆ ಸವಾರನಿಗೆ ಚಹಾ. ಇವರಿಗೆ ಕುದುರೆ ಎಲ್ಲಿಂದ ಬರಬೇಕು? ಬೀದಿಯ ಬೆಕ್ಕುಗಳಿಗೆ, ಕರಿಬೇವಿನ ಕುಂಡಕ್ಕೆ, ಕೊನೆಗೆ ತಮ್ಮ ಹಳೆಯ ಕಾರಿನ ರೇಡಿಯೇಟರಿಗೆ ನೀರು ಹಾಕದೆ ಬಾಯಿಗೆ ಒಂದು ಗುಟುಕು ಬಿಡುತ್ತಿರಲಿಲ್ಲ.

ನಾನು ಬಂದು ಐದನೆಯ ವರ್ಷಕ್ಕೆ ಅವರ ಕಣ್ಣು ಕೈಕೊಟ್ಟಿತು. ನಡುವಿನ ದೃಷ್ಟಿಯೇ ಹೋಯಿತು. ಅಂಚಿನಲ್ಲಿ ಬಾಗಿಲು ಕಾಣುತ್ತದೆ, ಮನುಷ್ಯರು ಕಾಣುತ್ತಾರೆ, ಅಕ್ಷರ ಮಾತ್ರ ಕಾಣುವುದಿಲ್ಲ. ಪುಸ್ತಕ ಮುಕ್ಕಾಲು ಮುಗಿದಿತ್ತು. ಒಂದು ಶನಿವಾರ ಬೆಳಿಗ್ಗೆ ನಮ್ಮ ಮನೆಗೆ ಬಂದು, ಮಕ್ಕಳ ಹಾಗೆ ನೆಲ ನೋಡುತ್ತ, ವಾರಕ್ಕೊಂದು ಸಲ ತಮಗೆ ಕಣ್ಣಾಗಿರಲು ಸಾಧ್ಯವೇ ಎಂದು ಕೇಳಿದರು. ನಾನು ಒಪ್ಪಿದೆ.

ಅವರ ಕ್ರಮ ವಿಚಿತ್ರವಾಗಿತ್ತು. ಮುಂದೆ ಒಂದು ತಟ್ಟೆ, ಪಕ್ಕದಲ್ಲಿ ಹುರುಳಿ ತುಂಬಿದ ಡಬ್ಬಿ. ಕುದುರೆಗಳು ತಿಂದ ಕಾಳು ಅದೇ ತಾನೇ. ನಾನು ಹಾಜರಿ ಪಟ್ಟಿಯಿಂದ ಒಂದು ಹೆಸರು ಓದಿದರೆ ಒಂದು ಕಾಳು ತಟ್ಟೆಗೆ ಬೀಳಬೇಕು. ಪುಟ ಮುಗಿದ ಮೇಲೆ ಬೆರಳಿನಿಂದ ಎಣಿಸಿ, ಪುಟದ ಕೆಳಗಿನ ಮೊತ್ತಕ್ಕೆ ತಾಳೆ ನೋಡಬೇಕು. ಹುರುಳಿ ಸಾರಿಗಾದರೂ ಬಂದೀತೇ ಇದು ಎಂದು ನಾನು ರೇಗಿಸುತ್ತಿದ್ದೆ.

ಲಂಡನ್ನಿನಲ್ಲಿದ್ದ ಅವರ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿನ ಹಳೆಯ ಸೇನಾ ದಾಖಲೆಗಳ ದಫ್ತರದಿಂದ ಪುಟಗಳ ಚಿತ್ರ ತೆಗೆದು ಕಳುಹಿಸುತ್ತಿದ್ದ. ಒಂದು ಶನಿವಾರ, ಬೆಂಗಳೂರು ದಂಡಿನಿಂದ ಗಡಿಗೆ ಹೊರಟ ಒಂದು ತುಕಡಿಯ ಪಟ್ಟಿ ಬಂತು. ಮೇಷ್ಟ್ರು ವರ್ಷಗಟ್ಟಲೆ ಕಾದಿದ್ದ ಪಟ್ಟಿ ಅದು. ಅಂದು ಒಗೆದ ಅಂಗಿ ಹಾಕಿ ಕೂತಿದ್ದರು. ನಾನು ಲ್ಯಾಪ್‌ಟಾಪ್ ತೆರೆದು ಓದತೊಡಗಿದೆ: ಹೆಸರು, ಅಪ್ಪನ ಹೆಸರು, ಊರು, ಕೆಲಸ. ಸವಾರ, ಸವಾರ, ಸವಾರ. ಮುಕ್ಕಾಲು ಪುಟ ದಾಟಿದ ಮೇಲೆ ಅಜ್ಜನ ಹೆಸರು ಕಂಡಿತು. ಅಪ್ಪನ ಹೆಸರು ಸರಿ, ಊರು ಸರಿ. ಕೆಲಸದ ಕಡೆ ಮಾತ್ರ ಸವಾರ ಎಂದಿರಲಿಲ್ಲ. ಲಾಳ ಹೊಡೆಯುವವನು ಎಂದಿತ್ತು.

ಎದುರಿಗೆ ಅವರು, ಬೆರಳ ತುದಿಯಲ್ಲಿ ಒಂದು ಕಾಳು ಹಿಡಿದು, ಮುಖವೆಲ್ಲ ಕಿವಿಯಾಗಿ ಕೂತಿದ್ದಾರೆ. ನಾನು ಆ ಸಾಲು ಹಾರಿಸಿ ಮುಂದಿನದನ್ನು ಓದಿದೆ.

ಇದು ನನಗೆ ಹೊಸತೂ ಅಲ್ಲ. ಅಪ್ಪನಿಗೆ ಹೇಳಬೇಡಿ, ಅಮ್ಮನಿಗೆ ಹೇಳಬೇಡಿ ಎಂದು ಕೈಮುಗಿಯುವ ಮಕ್ಕಳ ಮಾತಿಗೆ ಎಷ್ಟು ವರದಿಗಳನ್ನು ಮಡಚಿಟ್ಟಿದ್ದೇನೋ. ನನ್ನ ಅಪ್ಪನಿಗೂ ಅವರ ಕಾಯಿಲೆ ಏನೆಂದು ನಾನೇ ಹೇಳಿರಲಿಲ್ಲ. ಗ್ಯಾಸ್ಟ್ರಿಕ್ ಎಂದು ಸುಳ್ಳು ಹೇಳಿದ್ದೆ. ಗುಣವಾದ ಮೇಲೆ ಮಲೇಶಿಯಕ್ಕೆ ಬರುತ್ತೇನೆ, ಪಾಸ್‌ಪೋರ್ಟ್ ಮಾಡಿಸು ಎಂದು ಕೊನೆಯ ವಾರದವರೆಗೂ ಹೇಳುತ್ತಲೇ ಇದ್ದರು. ಆಡಬೇಕಾದ ಮಾತೆಷ್ಟಿತ್ತೋ, ಯಾವುದನ್ನೂ ಆಡದೆ ಹೋದರು. ಆ ನೋವು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆದರೂ ಅಂದು ಮತ್ತೆ ಅದನ್ನೇ ಮಾಡಿದೆ ನೋಡಿ.

ಕಳ್ಳಿಗೆ ಬುದ್ಧಿ ಎಲ್ಲಿರುತ್ತದೆ? ಓದುವ ಭರದಲ್ಲಿ ಕೊನೆಯ ಸಾಲನ್ನೂ ಓದಿಬಿಟ್ಟೆ: ಒಟ್ಟು ನಲವತ್ತೆರಡು ಜನ. ಮೇಷ್ಟ್ರು ಕಾಳು ಎಣಿಸಿದರು. ಮತ್ತೆ ಎಣಿಸಿದರು. ತಮ್ಮ ಬೆರಳೇ ತಪ್ಪಿತೆಂದುಕೊಂಡು, ತೊಂದರೆ ಇಲ್ಲದಿದ್ದರೆ ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಓದಿ ಎಂದರು. ಓದಿದೆ, ಮತ್ತೆ ಆ ಸಾಲು ಹಾರಿಸಿದೆ.

"ಒಂದು ಕಾಳು ಕಮ್ಮಿ ಇದೆ ಡಾಕ್ಟ್ರಮ್ಮ."

ಗುಮಾಸ್ತ ತಪ್ಪು ಬರೆದಿರಬೇಕು ಎಂದೆ. ನನ್ನ ದನಿ ನನಗೇ ಹುಳ್ಳಗೆ ಕೇಳಿಸಿತು.

"ದಂಡಿನ ಗುಮಾಸ್ತ ಅದ್ರಲ್ಲಿ ತಪ್ಪು ಮಾಡಲ್ಲ. ಅಷ್ಟು ಜನಕ್ಕೆ ರೊಟ್ಟಿ ಕೊಡಿಸೋನು ಅವನು. ಯಾರನ್ನ ಬಿಟ್ರಿ?"

ಓದಿದೆ. ಕೆಲಸದ ಸಮೇತ ಓದಿದೆ. ಅವರು ಕೈಯಲ್ಲಿದ್ದ ಕಾಳನ್ನು ತಟ್ಟೆಗೆ ಹಾಕಿದರು. ಜೇಬಿನಿಂದ ಮೊಳೆ ತೆಗೆದು, ಉದ್ದಕ್ಕೂ ಬೆರಳಾಡಿಸಿದರು. ಗೊರಸಿಗೆ ಹೊಡೆದ ಮೊಳೆಯ ತುದಿಯನ್ನು ಮಡಚುತ್ತಾರೆ, ಕಿತ್ತಾಗ ಅದು ಸೊಟ್ಟಗೆ ಬರುತ್ತದೆ ಎಂದು ಪಾಠ ಹೇಳುವವರಂತೆ ಹೇಳಿದರು. ಇದು ನೆಟ್ಟಗಿದೆ, ಯಾವ ಕುದುರೆಯ ಕಾಲಿಗೂ ಹೊಕ್ಕಿದ್ದಲ್ಲ, ಲಾಳದವನ ಚೀಲದಲ್ಲಿ ಉಳಿದದ್ದು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮನ್ನ ಕಣ್ಣಾಗಿರಿ ಅಂತ ಕೇಳ್ಕೊಂಡೆ. ಏನು ಕಾಣ್ಬೇಕು, ಏನು ಕಾಣ್ಬಾರ್ದು ಅಂತ ನೀವೇ ತೀರ್ಮಾನ ಮಾಡಿದ್ರೆ ನಾನು ಪೂರ್ತಿ ಕುರುಡ ಆದೆ ಅಲ್ವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದರು. ನಾನು ಲ್ಯಾಪ್‌ಟಾಪ್ ಮುಚ್ಚಿಕೊಂಡು ಮನೆಗೆ ಬಂದೆ.

ಹನ್ನೊಂದು ದಿನ ಅವರ ಗೇಟು ತೆರೆಯಲಿಲ್ಲ. ಬೆಕ್ಕುಗಳಿಗೆ ನೀರು ಇಡುವುದಷ್ಟೇ ಕಾಣುತ್ತಿತ್ತು. ಮೂವತ್ತು ವರ್ಷದ ಪುಸ್ತಕವನ್ನು ನಾನೇ ಕೊಂದೆ, ಸತ್ಯದಿಂದ ಕೊಂದೆನೋ ಸುಳ್ಳಿನಿಂದ ಕೊಂದೆನೋ ಎಂದು ತಲೆ ಕೆಟ್ಟು, ಕ್ಲಾಸಿನಲ್ಲಿ ಹುಡುಗರ ಮೇಲೆ ಹರಿಹಾಯುತ್ತಿದ್ದೆ. ಹನ್ನೆರಡನೆಯ ಬೆಳಿಗ್ಗೆ ನಮ್ಮ ಗೇಟಿಗೆ ತಿಂಡಿಯ ಪೊಟ್ಟಣ ನೇತಾಡುತ್ತಿತ್ತು. ಒಳಗಿದ್ದ ನಾಸಿ ಲೆಮಾಕ್, ತೆಂಗಿನ ಹಾಲಿನ ಅನ್ನ, ಇನ್ನೂ ಬಿಸಿಯಾಗಿತ್ತು. ನನಗೆ ಅಳು ಬಂತು, ಅಳುತ್ತಲೇ ತಿಂದೆ.

ಹೋದೆ. ಅವರ ಮುಖ ಇಳಿದಿತ್ತು, ಆದರೆ ಕಣ್ಣಂಚಿನಲ್ಲಿ ನಗು. ಅಜ್ಜ ತಮಗೆ ಚಿಕ್ಕಂದಿನಲ್ಲಿ ಕಾಲುಗುರು ಕತ್ತರಿಸುತ್ತಿದ್ದ ರೀತಿ ನೆನಪಾಯಿತೆಂದರು. ಎದುರು ಕೂತು ಕತ್ತರಿಸುತ್ತಿರಲಿಲ್ಲವಂತೆ. ಬೆನ್ನು ತಿರುಗಿಸಿ ನಿಂತು, ಬಗ್ಗಿ, ಮೊಮ್ಮಗನ ಕಾಲನ್ನು ಹಿಂದಿನಿಂದ ಎತ್ತಿ ತನ್ನ ಎರಡು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಕತ್ತರಿಸುತ್ತಿದ್ದನಂತೆ.

"ಯಾವ ಸವಾರ ಹಂಗೆ ಉಗುರು ಕತ್ತರಿಸ್ತಾನೆ ಹೇಳಿ. ಲಾಳದವನು ಗೊರಸು ಹಿಡಿಯೋ ರೀತಿ ಅದು. ಎಪ್ಪತ್ತು ವರ್ಷ ನನ್ನ ಕಾಲಿಗೆ ಗೊತ್ತಿತ್ತು, ತಲೆಗೆ ಗೊತ್ತಿರ್ಲಿಲ್ಲ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ, ಪುಸ್ತಕದ ಮೊದಲ ಸಾಲನ್ನು ಹೊಡೆದುಹಾಕಲು ಹೇಳಿದರು. ಅಜ್ಜ ಕುದುರೆಯ ಮೇಲೆ ಕೂತು ಕಾದ ಗಡಿಯ ಕಥೆ ಇದು ಎಂದು ಅಲ್ಲಿತ್ತು. ಕ್ಲಾಂಗ್‌ನಲ್ಲಿದ್ದ ಅವರ ಅಕ್ಕ ಮನೆತನದ ಮಾನ ಕಳೆಯಬೇಡ ಎಂದು ಫೋನಿನಲ್ಲಿ ಕೂಗಾಡಿ, ಆಮೇಲೆ ತಿಂಗಳುಗಟ್ಟಲೆ ಮಾತು ಬಿಟ್ಟರು. ಮೇಷ್ಟ್ರು ಜಗ್ಗಲಿಲ್ಲ. "ನಲವತ್ತೆರಡು ಜನ ಹೋಗಿದ್ರು, ನಲವತ್ತೆರಡು ಬರೀಬೇಕು" ಎಂದಷ್ಟೇ ಹೇಳಿದರು. ಹೊಸದೊಂದು ಅಧ್ಯಾಯ ಶುರುವಾಯಿತು. ಲಾಳದವರು, ಹುಲ್ಲು ಕೊಯ್ಯುವವರು, ನೀರು ಹೊರುವವರು. ಕಣಿವೆಯ ಕಲ್ಲಿಗೆ ಲಾಳ ಎಷ್ಟು ಬೇಗ ಸವೆಯುತ್ತಿತ್ತು, ದಿನವಿಡೀ ಗೊರಸನ್ನು ತೊಡೆಯ ಮೇಲಿಟ್ಟು ಬಗ್ಗಿದವರ ಬೆನ್ನು ಏನಾಗುತ್ತಿತ್ತು, ಎಲ್ಲ ಬಂತು. ಅಜ್ಜನ ಬಾಗಿದ ಬೆನ್ನಿಗೆ ಯುದ್ಧ ಬೇಕಿರಲಿಲ್ಲ. ಇಡೀ ಪುಸ್ತಕದಲ್ಲಿ ಜೀವವಿರುವ ಅಧ್ಯಾಯ ಅದೇ, ನನ್ನನ್ನು ಕೇಳಿದರೆ.

ಅದು ಮುಗಿಯುವ ಮೊದಲೇ ಅವರು ಸೊರಗತೊಡಗಿದರು. ನಾನೇ ಪರೀಕ್ಷೆಗಳನ್ನು ಮಾಡಿಸಿದೆ. ವರದಿ ನನ್ನ ಕೈಗೆ ಬಂತು. ಮೇದೋಜೀರಕದಲ್ಲಿ ಗಡ್ಡೆ, ಆಗಲೇ ಯಕೃತ್ತಿಗೂ ಹರಡಿತ್ತು. ಮಾಂಟ್ ಕಿಯಾರಾದಲ್ಲಿದ್ದ ಮಗಳಿಗೆ ತಿಳಿಸಿದೆ. ಇಂಗ್ಲಿಷಿನಲ್ಲೇ ಮಾತಾಡುವ ಹುಡುಗಿ, ಅಂದು ಕನ್ನಡಕ್ಕೆ ಬಂದಳು.

"ಪ್ಲೀಸ್ ಅಕ್ಕ, ಅಪ್ಪಂಗೆ ಹೇಳ್ಬೇಡಿ ಲಾ."

ನನಗೆ ಅಪ್ಪನ ಪಾಸ್‌ಪೋರ್ಟ್ ನೆನಪಾಯಿತು. ತುಂಬಿಸಿಯೂ ಕಳುಹಿಸದ ಆ ಅರ್ಜಿ ಇನ್ನೂ ನನ್ನ ಕಪಾಟಿನಲ್ಲಿದೆ. ಮಗಳಿಗೆ ನಾನು ಹೇಳಿದ್ದು ಇಷ್ಟೇ: "ನಿಮ್ಮಪ್ಪ ಕಾಳು ಎಣಿಸ್ತಾರಮ್ಮ. ಬಾ, ಜೊತೆಗೆ ಕೂತುಕೋ."

ಶನಿವಾರ ಬೆಳಿಗ್ಗೆ ಮೂವರೂ ಕೂತೆವು. ಅವರು ಹೇಳದೆಯೇ ತಟ್ಟೆ, ಡಬ್ಬಿ ಎಳೆದುಕೊಂಡರು. ನಾನು ವರದಿಯ ಮೊದಲ ಸಾಲಿನಿಂದ ಓದಿದೆ, ಪ್ರತಿ ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಸಾಲಿಗೊಂದು ಕಾಳು ಬೀಳುತ್ತ ಹೋಯಿತು. ಮುಗಿದ ಮೇಲೆ ಎಣಿಸಿ, ವರದಿಯಲ್ಲಿ ಎಷ್ಟು ಸಾಲಿದೆ ಎಂದು ಮಗಳನ್ನು ಕೇಳಿದರು. ಅವಳು ಬೆರಳಿಟ್ಟು ಎಣಿಸಿ ಹೇಳಿದಳು. ತಾಳೆಯಾಯಿತು.

"ಒಂದೂ ಬಿಟ್ಟಿಲ್ಲ. ಥ್ಯಾಂಕ್ಸ್ ಡಾಕ್ಟ್ರಮ್ಮ" ಎಂದರು. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು, ಪುಸ್ತಕಕ್ಕೆ ಇನ್ನೆಷ್ಟು ಶನಿವಾರ ಬೇಕೆಂದು ನನ್ನನ್ನು ಕೇಳಿದರು.

ವಾರಕ್ಕೊಂದು ಶನಿವಾರ ಸಾಲದೆಂದು ದಿನವೂ ಕೂತೆವು. ಮಗಳು ಮಾಂಟ್ ಕಿಯಾರಾದಿಂದ ಬಂದು ಅಪ್ಪನ ಜೊತೆಯೇ ಉಳಿದಳು. ಅಪ್ಪ ಹೇಳಿದ್ದನ್ನು ಅವಳು ಟೈಪು ಮಾಡುತ್ತಿದ್ದಳು, ನಡುವೆ ಜಗಳವಾಡುತ್ತಿದ್ದಳು, ಅವರ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ತಂದೆ ಮಗಳು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅಕ್ಕನೂ ಕ್ಲಾಂಗ್‌ನಿಂದ ಬಂದು, ಬಿಮ್ಮಗೆ ಕೂತು, ಕೊನೆಗೆ ಅಜ್ಜನ ಇನ್ನೊಂದೆರಡು ಕಥೆ ಬರೆಸಿ ಹೋದರು. ಅಚ್ಚಾದ ಪುಸ್ತಕವನ್ನು ಮೇಷ್ಟ್ರು ಕೈಯಲ್ಲಿ ಹಿಡಿದು ಮೂಸಿದರು. ಅದರ ಮೊದಲ ಸಾಲು ಹೀಗಿದೆ: ಈ ಗಡಿಯಲ್ಲಿ ನಿಂತ ಕುದುರೆಗಳ ಕಾಲಿಗೆ ಲಾಳ ಹೊಡೆದವನ ಮೊಮ್ಮಗ ನಾನು.

ಅದಾಗಿ ಒಂಬತ್ತು ದಿನಕ್ಕೆ ಹೋದರು. ಹೊಸ ಬಿಳಿ ಅಂಗಿ ತೊಡಿಸಿದ್ದರು, ಅದರ ಜೇಬಿನಲ್ಲಿ ತೂತಿರಲಿಲ್ಲ. ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಅಂದು ಬೆಕ್ಕುಗಳಿಗೆ ನೀರಿಟ್ಟು ಆಮೇಲೆ ನಾವು ಚಹಾ ಕುಡಿದೆವು.

ಮೊಳೆಯನ್ನು ಅವರು ನನಗೆ ಕೊಡಲು ಹೇಳಿ ಹೋಗಿದ್ದರಂತೆ. ಈಗ ಅದು ನನ್ನ ಬಿಳಿ ಕೋಟಿನ ಎಡ ಜೇಬಿನಲ್ಲಿರುತ್ತದೆ. ತಳದಲ್ಲಿ ಆಗಲೇ ತೂತು ಬಿದ್ದಿದೆ, ತುಕ್ಕಿನ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಎದುರಿಗೆ ಕೂತ ರೋಗಿ ನಿಜ ಏನೆಂದು ಕೇಳುವ ಹೊತ್ತಿಗೆ, ಅವರ ಮಕ್ಕಳು ಬೆನ್ನ ಹಿಂದೆ ನಿಂತು ಬೇಡವೆಂದು ನನಗೆ ಕೈಸನ್ನೆ ಮಾಡುತ್ತಿರುತ್ತಾರೆ. ನಾನು ಅವರನ್ನೂ ಕರೆದು ಪಕ್ಕದಲ್ಲಿ ಕೂರಿಸುತ್ತೇನೆ. ಜೇಬಿಗೆ ಕೈಹಾಕಿ ಮೊಳೆಯನ್ನು ಮುಟ್ಟಿ ನೋಡುತ್ತೇನೆ, ನೆಟ್ಟಗಿದೆ. ಆಮೇಲೆ ಮೊದಲ ಸಾಲಿನಿಂದ ಓದುತ್ತೇನೆ.